ಸುಮಿತ್ರಮ್ಮ ಹಾಕದ ಮದ್ದು

ಸುಮಿತ್ರಮ್ಮನ ಅತ್ತೆ ತೊಂಬತ್ತೊಂದನೇ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಅದಕ್ಕೂ ಮುಂಚೆ ಮೂರು ಸಲ ಹೊರಟೇಬಿಟ್ಟೆ ಎಂದು ಹೇಳಿ, ನೆಂಟರನ್ನೆಲ್ಲ ಕರೆಸಿಕೊಂಡು, ಎಲ್ಲರೂ ಬಂದು ಅತ್ತ ಮೇಲೆ ಎದ್ದು ಕೂತು ಕಾಫಿ ಕೇಳಿದ್ದರು. ಹಾಗಾಗಿ ನಾಲ್ಕನೇ ಸಲ ಅವರು ನಿಜವಾಗಿಯೂ ಹೋದಾಗ ಕೊಡ್ಲಿಪೇಟೆಯಲ್ಲಿ ಬಹಳ ಜನ ನಂಬಲಿಲ್ಲ. ಸುಮಿತ್ರಮ್ಮ ಮಾತ್ರ ನಂಬಿದಳು. ಅವಳು ಮೂವತ್ತೆಂಟು ವರ್ಷದಿಂದ ಕಾಯುತ್ತಿದ್ದಳು.

ಅತ್ತೆ ಸಾಯಲಿ ಎಂದು ಕಾಯುತ್ತಿದ್ದಳು ಎಂದರೆ ತಪ್ಪಾಗುತ್ತದೆ. ಪೂರ್ತಿ ತಪ್ಪೂ ಆಗುವುದಿಲ್ಲ. ಮದುವೆಯಾದ ಹೊಸದರಲ್ಲಿ ಅತ್ತೆ ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಅವಳ ಕೊರಳಿನ ಲಿಂಗವನ್ನು ಅವಳ ಕೈಯಲ್ಲೇ ಹಿಡಿಸಿ ಆಣೆ ಮಾಡಿಸಿದ್ದರು. "ನಿಮ್ಮಜ್ಜಿ ಮಾಡ್ತಿದ್ದ ಸೊಪ್ಪು ಸದೆ, ಮಂತ್ರ ಮಾಟ ಒಂದೂ ಈ ಮನೇಲಿ ಆಗ್ಕೂಡ್ದು. ನಾನಿರೋವರ್ಗೂ ಒಂದ್ ಎಲೆ ಕಿತ್ತೆ ಅಂದ್ರೆ ನೋಡು." ಆಣೆಯಲ್ಲಿ 'ನಾನಿರೋವರ್ಗೂ' ಎಂಬ ಮಾತನ್ನು ಅತ್ತೆ ಯೋಚನೆ ಮಾಡದೆ ಸೇರಿಸಿದ್ದರು. ಸೊಸೆ ಅದನ್ನು ಚೆನ್ನಾಗಿ ನೆನಪಿಟ್ಟುಕೊಂಡಿದ್ದಳು.

ಹನ್ನೊಂದನೇ ದಿನದ ಶಿವಗಣಾರಾಧನೆ ಮುಗಿದು, ಶಾಮಿಯಾನ ಬಿಚ್ಚಿ, ಬಾಡಿಗೆ ಪಾತ್ರೆಗಳನ್ನು ವ್ಯಾನಿಗೆ ಹತ್ತಿಸಿದ ಸಂಜೆಯೇ ಅವಳು ಒಂದು ಹಿಡಿ ಅಕ್ಕಿ, ಚಿಟಿಕೆ ಅರಿಶಿನ ಸೆರಗಿಗೆ ಕಟ್ಟಿಕೊಂಡು ಹಿಂದಿನ ಬೇಲಿಯಾಚೆ ಇಳಿದಳು. ಹಳ್ಳದ ಪಕ್ಕದಲ್ಲಿ ಒಂದು ದಾಗಡಿ ಬಳ್ಳಿ ಇತ್ತು. ಅದರ ಬುಡಕ್ಕೆ ಅಕ್ಕಿ ಹಾಕಿ, "ನಾಳೆ ಬೆಳಿಗ್ಗೆ ಬತ್ತೀನಿ, ಬೇಜಾರ್ ಮಾಡ್ಕೋಬೇಡ" ಎಂದಳು. ಗಿಡವನ್ನು ಹಿಂದಿನ ಸಂಜೆ ಕರೆದಿಟ್ಟು, ಮರುದಿನ ಬೆಳಿಗ್ಗೆ ಯಾರ ಜೊತೆಯೂ ಮಾತಾಡದೆ ಹೋಗಿ, ಹಿಂದಕ್ಕೆ ತಿರುಗಿ ನೋಡದೆ ತರಬೇಕು ಎಂದು ಅವಳ ಅಜ್ಜಿ ಕಲಿಸಿದ್ದಳು. ಒಬ್ಬಳೇ ಹೋಗಬೇಕು, ಒಬ್ಬಳೇ ಬರಬೇಕು, ಕಲಿತದ್ದನ್ನು ಇನ್ನೊಬ್ಬರೆದುರು ಕೊಚ್ಚಿಕೊಳ್ಳಬಾರದು.

ಅಜ್ಜಿಯ ಕಾಲಕ್ಕೆ ಇದು ಸುಲಭವಿತ್ತು. ಈಗ ಬೆಳಗಿನ ಆರು ಗಂಟೆಗೆ ಊರಿಗೆ ಊರೇ ಶುಗರ್ ಇಳಿಸಲು ರಸ್ತೆಗೆ ಬಂದಿರುತ್ತದೆ. "ಏನ್ ಟೀಚರೇ, ವಾಕಿಂಗಾ?" ಎಂದು ಕೇಳಿದವರಿಗೆಲ್ಲ ಸುಮಿತ್ರಮ್ಮ ಬಾಯಿ ಬಿಗಿದುಕೊಂಡು ತಲೆ ಆಡಿಸಿದಳು. ಒಂದೇ ವಾರದಲ್ಲಿ ಟೀಚರಿಗೆ ಗಂಟಲಲ್ಲಿ ಗಡ್ಡೆ ಎಂದು ಸುದ್ದಿಯಾಯಿತು. ಇಬ್ಬರು ಮೂಸಂಬಿ ತಂದುಕೊಟ್ಟು ಕಣ್ಣೊರೆಸಿಕೊಂಡು ಹೋದರು.

ಟೀಚರ್ ಎಂದರೆ ಅಂಗನವಾಡಿ ಟೀಚರ್. ನಿವೃತ್ತಿಯಾಗಿ ಎರಡು ವರ್ಷವಾಗಿತ್ತು. ಮೂವತ್ತೊಂದು ವರ್ಷ ಇಲಾಖೆ ಕೊಟ್ಟ ತಕ್ಕಡಿಯಲ್ಲಿ ಮಕ್ಕಳನ್ನು ತೂಗಿ, ಇಲಾಖೆ ಕಳಿಸಿದ ಪುಡಿ ಕಲಸಿ ತಿನ್ನಿಸಿ, ಇಲಾಖೆ ಕೇಳಿದ ರಿಜಿಸ್ಟರ್ ಬರೆದವಳಿಗೆ ಈಗ ಯಾವ ಇಲಾಖೆಯೂ ಕೇಳದ ಕೆಲಸವೊಂದು ಸಿಕ್ಕಿತ್ತು. ತಲೆ ಮರೆತದ್ದೆಲ್ಲ ಕೈಬೆರಳಿಗೆ ನೆನಪಿತ್ತು. ಯಾವ ಎಲೆಯನ್ನು ಉಗುರು ತಾಗಿಸದೆ ಕೀಳಬೇಕು, ಯಾವ ಬೇರನ್ನು ಹಾಲಿನಲ್ಲಿ ತೇಯಬೇಕು ಎಂಬುದು ಅವಳು ಕೇಳುವ ಮೊದಲೇ ಬೆರಳಿಗೆ ಬರುತ್ತಿತ್ತು. ಅರವತ್ತೆರಡನೇ ವಯಸ್ಸಿನಲ್ಲಿ ಸುಮಿತ್ರಮ್ಮನಿಗೆ ಖುಷಿಯಾಯಿತು. ಬಚ್ಚಲಲ್ಲಿ ಒಬ್ಬಳೇ ನಗುವಷ್ಟು ಖುಷಿ.

ಜನ ಹಿಂಬಾಗಿಲಿಂದ ಬರತೊಡಗಿದರು. ಎಸ್ಟೇಟಿನ ಕೂಲಿಗಳ ಲೈನ್ ಮನೆಯಿಂದ ಚೋಮಿ ಎಂಬವಳು ಸರ್ಪಸುತ್ತು ಎದ್ದ ಸೊಂಟ ಹಿಡಿದುಕೊಂಡು ಬಂದಳು. ಸುಮಿತ್ರಮ್ಮ ಮೊದಲು ಅವಳನ್ನು ಆಸ್ಪತ್ರೆಗೆ ಅಟ್ಟಿ ಮಾತ್ರೆ ಬರೆಸಿಕೊಂಡು ಬರಲು ಹೇಳಿದಳು. ಆಮೇಲೆ ಕೆಮ್ಮಣ್ಣು ಕಲಸಿ ಗುಳ್ಳೆಗಳ ಸುತ್ತ ಹಾವು ಬರೆದು, ಅದರ ತಲೆಗೂ ಬಾಲಕ್ಕೂ ನಡುವೆ, ಎರಡೂ ಕೂಡದಂತೆ, ಒಂದು ಗೆರೆ ಎಳೆದಳು. ವಾಸಿಯಾದದ್ದು ಮಾತ್ರೆಯಿಂದಲೋ ಮಣ್ಣಿನಿಂದಲೋ ಎಂದು ಚೋಮಿ ಕೇಳಲಿಲ್ಲ, ಸುಮಿತ್ರಮ್ಮ ಹೇಳಲಿಲ್ಲ. ರಚ್ಚೆ ಹಿಡಿದ ಮಕ್ಕಳಿಗೆ ದೃಷ್ಟಿ ತೆಗೆಯುತ್ತಿದ್ದಳು. ಅಜ್ಜಿಯ ಮಂತ್ರದಲ್ಲಿ ಮುಕ್ಕಾಲು ಪಾಲು ಬೈಗುಳ. ಕಣ್ಣು ಹಾಕಿದವರಿಗೆ, ಅವರ ಏಳು ತಲೆಗೆ, ಅವರ ಹಿತ್ತಲಿನ ಕೋಳಿಗೆ ಸಮೇತ ಶಾಪ. ಸುಮಿತ್ರಮ್ಮ ಅದನ್ನು ಒಂದಕ್ಷರ ಬಿಡದೆ ಮಣಮಣ ಹೇಳುತ್ತಿದ್ದರೆ ತಾಯಂದಿರು ಭಕ್ತಿಯಿಂದ ಕೈಮುಗಿದು ನಿಂತಿರುತ್ತಿದ್ದರು.

ಮೆಣಸಿನ ವ್ಯಾಪಾರ ಬಿಟ್ಟು ಟಿವಿ ಮುಂದೆ ಕೂತಿದ್ದ ಅವಳ ಗಂಡ ಕರಿಬಸಪ್ಪ ಇದಕ್ಕೆಲ್ಲ ತಕರಾರು ಮಾಡಲಿಲ್ಲ. "ಏನಾದ್ರೂ ಮಾಡ್ಕೋ. ತಿಂಡಿ ಮಾತ್ರ ಟೈಮಿಗೆ ಸರಿಯಾಗಿ ಕೊಡು" ಎಂದ.

ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಅಷ್ಟರಲ್ಲಿ ಮಳೆಗಾಲದ ಆಟಿ ತಿಂಗಳು ಬಂತು.

ಆಟಿ ತಿಂಗಳ ಹದಿನೆಂಟನೇ ದಿನ ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಅವತ್ತೊಂದು ದಿನ ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂದು ನಂಬಿಕೆ. ಕುದಿಸಿದರೆ ನೇರಳೆ ಬಣ್ಣ ಬಿಡುತ್ತದೆ, ತಿಂದವರಿಗೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಗೋಣಿಕೊಪ್ಪಲು, ಬಿಟ್ಟಂಗಾಲದ ಕಡೆ ಇದು ಸಣ್ಣ ಮಕ್ಕಳಿಗೂ ಗೊತ್ತು. ಅಲ್ಲಿ ಕೆಂಪಗೆ ಹೋಗದಿದ್ದರೇ ಚಿಂತೆ. ಕೊಡ್ಲಿಪೇಟೆ ಇರುವುದು ಜಿಲ್ಲೆಯ ಮೇಲಂಚಿನಲ್ಲಿ, ಮುಖ ಹಾಸನದ ಕಡೆಗೆ. ಇಲ್ಲಿ ಕೆಲವರ ಮನೆಯಲ್ಲಿ ಮಾಡುತ್ತಾರೆ, ಕೆಲವರು ಹೆಸರೂ ಕೇಳಿಲ್ಲ. ಸುಮಿತ್ರಮ್ಮ ಮೂವತ್ತೆಂಟು ವರ್ಷದ ಮೇಲೆ ಪಾಯಸ ಕಾಯಿಸಿದ ಸಂಭ್ರಮದಲ್ಲಿ ಮೊದಲ ಲೋಟವನ್ನು ಸುಧಾಳಿಗೆ ಕೊಟ್ಟಳು. ಬಣ್ಣದ ವಿಷಯ ಹೇಳುವುದನ್ನು ಮರೆತಳು.

ಸುಧಾ ಅಂಗನವಾಡಿಯ ಸಹಾಯಕಿ. ಸಕಲೇಶಪುರದ ಆಚೆಯಿಂದ ಮದುವೆಯಾಗಿ ಬಂದವಳು, ಸುಮಿತ್ರಮ್ಮನಿಗಿಂತ ಏಳು ವರ್ಷ ಚಿಕ್ಕವಳು. ಇಪ್ಪತ್ತಾರು ವರ್ಷ ಇಬ್ಬರೂ ಸೇರಿ ಆ ಒಂದು ಕೋಣೆಯಲ್ಲಿ ಊರಿನ ಮಕ್ಕಳ ಮೂಗು ಒರೆಸಿ, ಚಡ್ಡಿ ತೊಳೆದು, ಮೇಲಿನವರು ತಪಾಸಣೆಗೆ ಬಂದಾಗ ಒಬ್ಬರ ತಪ್ಪನ್ನು ಒಬ್ಬರು ಮುಚ್ಚಿಟ್ಟವರು.

ಮರುದಿನ ಬೆಳಿಗ್ಗೆ ಸುಧಾ ಬಚ್ಚಲಿನಿಂದ ಕೂಗಿದ್ದು ಬಸ್ ಸ್ಟ್ಯಾಂಡಿಗೆ ಕೇಳಿತು ಎನ್ನುತ್ತಾರೆ. ಅವಳು ನಡುಗುತ್ತ ಓಡಿಬಂದು ವಿಷಯ ಹೇಳಿದಾಗ ಸುಮಿತ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬಾರದಿತ್ತು. ನಕ್ಕಮೇಲೆ ಸೊಪ್ಪಿನ ಗುಣ ವಿವರಿಸಿದಳು. ಸುಧಾಳ ಮಗಳು ಚಂದನಾ ಫೋನಿನಲ್ಲಿ ಹುಡುಕಿ, "ನೋಡಮ್ಮ, ಇಲ್ಲೇ ಬರ್ದದೆ" ಎಂದು ತೋರಿಸಿದಳು. ಮಧ್ಯಾಹ್ನದ ಹೊತ್ತಿಗೆ ಕೆಂಪು ಹೋಯಿತು. ಸಂಜೆಯ ಹೊತ್ತಿಗೆ ಸುಧಾಳಿಗೆ ಹೊಟ್ಟೆಯುರಿ ಶುರುವಾಯಿತು.

ಪಕ್ಕದ ಮನೆಯವರು ವಿಚಾರಿಸಿಕೊಳ್ಳಲು ಬಂದರು. ಪಾಯಸ ಯಾರ ಮನೆಯದು ಎಂದು ಕೇಳಿದರು. ಕೇಳಿ ಸುಮ್ಮನಾದರು. ಆ ಸುಮ್ಮನಾದದ್ದೇ ಸಾಕಾಯಿತು. ಸುಮಿತ್ರಮ್ಮನ ಅಜ್ಜಿ ಕೈಮದ್ದು ಹಾಕುತ್ತಿದ್ದಳು ಎಂಬ ಐವತ್ತು ವರ್ಷ ಹಳೆಯ ಸುದ್ದಿಯನ್ನು ಯಾರೋ ಅಟ್ಟದಿಂದ ಇಳಿಸಿ ಧೂಳು ಒರೆಸಿದರು. ಕೈಮದ್ದು ಎಂದರೆ ಆಗದವರು ಊಟದಲ್ಲೋ ಕಾಫಿಯಲ್ಲೋ ಗುಟ್ಟಾಗಿ ಬೆರೆಸಿ ಕೊಡುವ ವಸ್ತು. ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಕೂತು ಮನುಷ್ಯನನ್ನು ಒಣಗಿಸಿ ಕೊಲ್ಲುತ್ತದೆಂದು ಈ ಕಡೆ ಹೆದರದವರಿಲ್ಲ. ಕಾಲೇಜು ಓದಿದವರೂ ಹೆದರುತ್ತಾರೆ. ಸ್ವಲ್ಪ ಇಂಗ್ಲಿಷ್ ಸೇರಿಸಿ ಹೆದರುತ್ತಾರೆ.

ಅಕ್ಕನ ಬಳಗದ ಸಭೆಗೆ ಸುಮಿತ್ರಮ್ಮ ಒಯ್ದ ಕೋಸಂಬರಿ ಒಯ್ದ ಹಾಗೇ ವಾಪಸು ಬಂತು. ಎಲ್ಲರಿಗೂ ಅವತ್ತೇ ಉಪವಾಸ. ಪಂಚಾಯಿತಿ ಸದಸ್ಯ ಕೀರ್ತಿಕುಮಾರ ಮನೆಗೆ ಬಂದವನು ಕಾಫಿ ಲೋಟ ಮುಟ್ಟದೆ, "ಬ್ಯಾಡ ಟೀಚರ್, ಡಾಕ್ಟ್ರು ಬಿಡು ಅಂದವ್ರೆ" ಎಂದು ಹಲ್ಲು ಕಿರಿದ. ಮೂರು ವರ್ಷದವನಿದ್ದಾಗ ಇವಳ ಕೈತುತ್ತಲ್ಲದೆ ಬಾಯಿ ತೆರೆಯುತ್ತಿರಲಿಲ್ಲ, ಈಗ ಕಾಫಿಗೆ ಡಾಕ್ಟರ ಅಪ್ಪಣೆ ಬೇಕಂತೆ. ಕರಿಬಸಪ್ಪ ಮೂರು ಹೊತ್ತೂ ಅವಳ ಕೈಯಡುಗೆ ಉಂಡು ಗುಂಡುಕಲ್ಲಿನ ಹಾಗಿದ್ದಾನಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅದಕ್ಕೇ ನೋಡಿ ಆ ಮನುಷ್ಯ ಹೆಂಡತಿಗೆ ಎದುರಾಡುವುದಿಲ್ಲ ಎಂದು ಉತ್ತರ ಬಂತು. ಊರಿಗೆಲ್ಲ ಇದು ಸರಿ ಎನಿಸಿತು.

ಸುಮಿತ್ರಮ್ಮ ಮೇಲೆ ಮೇಲೆ ನಗುತ್ತಿದ್ದಳು. ಒಳಗೆ ಅವಳಿಗೆ ತಡೆಯಲಾರದಷ್ಟು ನೋವಾಗಿತ್ತು. ಊರಿನವರು ತಿನ್ನದಿದ್ದರೆ ಹಾಳಾಗಿ ಹೋಗಲಿ. ಸುಧಾ ಕೂಡ ಬರುವುದನ್ನು ನಿಲ್ಲಿಸಿದ್ದಳು.

ನವೆಂಬರಿನಲ್ಲಿ, ತೋಟಗಳಲ್ಲಿ ಕಾಫಿ ಹಣ್ಣಿನ ಪಿಕಿಂಗಿಗೆ ಆಳು ಹುಡುಕುವ ಗಲಾಟೆ ಶುರುವಾದ ಹೊತ್ತಿಗೆ, ಚಂದನಾ ಬಂದಳು. ಹಾಸನದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವ ಹುಡುಗಿ. ಹಿತ್ತಲಲ್ಲಿ ಬೇರು ಜಜ್ಜುತ್ತಿದ್ದ ಸುಮಿತ್ರಮ್ಮನ ಎದುರು ಕುಕ್ಕರುಗಾಲಲ್ಲಿ ಕೂತಳು.

"ಅಮ್ಮ ಹನ್ನೊಂದು ಕೇಜಿ ಇಳ್ದವಳೆ ಟೀಚರ್."

"ಡಾಕ್ಟ್ರು ಏನಂದ್ರು?"

"ಸ್ಕ್ಯಾನ್ ಆಯ್ತು, ಎಂಡೋಸ್ಕೋಪಿ ಆಯ್ತು. ಏನೂ ಇಲ್ಲ. ರಕ್ತ ನಾನೇ ನಾಲ್ಕು ಸಲ ನೋಡ್ದೆ. ಕಾಯ್ಲೆ ಇಲ್ಲ, ತಿಂತಿಲ್ಲ ಅಷ್ಟೆ. ಮನಸಿನ ಡಾಕ್ಟ್ರ ಹತ್ರ ಹೋಗನ ಅಂದ್ರೆ ನಂಗೇನ್ ಹುಚ್ಚಾ ಅಂತಾಳೆ. ದಿನಕ್ಕೆ ಎರಡೇ ಲೋಟ ಗಂಜಿ ಕುಡೀತಿದ್ಲು, ಅದ್ನೂ ತಾನೇ ಬೇಯಿಸ್ಕಬೇಕು. ನಾನ್ ಮಾಡಿದ್ರೂ ಕುಡಿಯಲ್ಲ."

"ನೀನ್ ಮಾಡಿದ್ರೂ?"

"ನಾನು ನಿಮ್ಮನೆಗೆ ಬಂದುಹೋಗ್ತೀನಿ ಅಂತ ಅನುಮಾನ." ಹುಡುಗಿ ನೆಲ ನೋಡಿದಳು. "ಮದ್ದು ತೆಗೆಯೋರು ಅಂತ ಮೂರು ಜನದ ಹತ್ರ ಕರ್ಕೊಂಡೋದೆ. ಕೊನೇಲಿ ಆಲೂರು ಕಡೆ ಒಬ್ಬ, ಇದು ಯಾರಿಗೂ ಬರಾದಿಲ್ಲ, ಹಾಕಿದ ಕೈಯೇ ತೆಗೀಬೇಕು ಅಂದ್ಬಿಟ್ಟ. ಅವತ್ತಿಂದ ಗಂಜಿ ಒಂದೇ ಲೋಟಕ್ಕೆ ಬಂದದೆ."

ಸುಮಿತ್ರಮ್ಮ ಜಜ್ಜುವುದನ್ನು ನಿಲ್ಲಿಸಿದಳು.

"ನೀವು ಹಾಕಿಲ್ಲ ಅಂತ ನಂಗೊತ್ತು ಟೀಚರ್."

"ಸಂತೋಷ."

"ಹಾಕಿದೀನಿ ಅಂತ ಒಂದ್ ಮಾತು ಹೇಳಿ, ತೆಗೆದ್ಬಿಡಿ."

ಸುಮಿತ್ರಮ್ಮನ ಕೈಯಲ್ಲಿ ಗುಂಡುಕಲ್ಲಿತ್ತು. ಅವಳು ಅದನ್ನು ಕೆಳಗಿಟ್ಟದ್ದು ಚಂದನಾಳ ಅದೃಷ್ಟ. "ಏನ್ ಓದಿದೀಯೇ ನೀನು?"

"ಬಿಎಸ್ಸಿ."

"ಅಲ್ಲಿ ಇದ್ನೇ ಹೇಳ್ಕೊಟ್ರಾ? ಇಡೀ ಊರಿಗೆ ಕೇಳಂಗೆ ನಾನು ವಿಷ ಹಾಕೋಳು ಅಂತ ಡಂಗ್ರ ಹೊಡ್ಕಬೇಕಾ? ನಾಳೆ ಈ ಮನೆ ಹೊಸ್ತಿಲು ಯಾರಾದ್ರೂ ತುಳೀತಾರಾ?"

"ಇಲ್ಲ" ಎಂದಳು ಚಂದನಾ. ಸುಳ್ಳು ಹೇಳಲಿಲ್ಲ. "ಅಮ್ಮ ಹೋಗ್ಬಿಡ್ತಾಳೆ ಟೀಚರ್" ಎಂದು ಮೂರು ವರ್ಷದ ಮಗುವಿನ ಹಾಗೆ ಅಳತೊಡಗಿದಳು. ಮೂರು ವರ್ಷದವಳಿದ್ದಾಗಲೂ ಹೀಗೇ ಅಳುತ್ತಿದ್ದಳು, ಮೂಗಿನಿಂದ.

ಸುಮಿತ್ರಮ್ಮನಿಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಅವಳು ಒಂಬತ್ತು ವರ್ಷದವಳಿದ್ದಾಗ ಅಜ್ಜಿ ಮದ್ದು ತೆಗೆಯುವುದನ್ನು ಕಲಿಸಿದ್ದಳು. ದಾಗಡಿ ಎಲೆಯ ರಸ ಹಿಂಡಿ ಹಾಲಿಗೆ ಬೆರೆಸಿ ಇಟ್ಟರೆ ಅದು ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟಿದರೆ ರೋಗಿಯ ಹೊಟ್ಟೆಯಲ್ಲಿ ಮದ್ದು ಇದೆ ಎಂದು ಲೆಕ್ಕ. "ಯಾರಿಗಿಟ್ರೂ ಕಟ್ತದೆ ಕಣೆ" ಎಂದು ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದಳು. "ನಾಯಿ ಹೆಸ್ರಲ್ಲಿ ಇಟ್ರೂ ಕಟ್ತದೆ. ಎಲೆ ಗುಣ ಅದು. ಮದ್ದು ಹಾಕೋದು ಅಂತ ಒಂದು ವಿದ್ಯೆ ಲೋಕದಲ್ಲೇ ಇಲ್ಲ. ಇರೋದು ತೆಗೆಯೋದೊಂದೇ." ಅಂಥ ಅಜ್ಜಿ, ಪಟೇಲರ ಸೊಸೆ ಅನ್ನ ನೀರು ಬಿಟ್ಟು ಮಲಗಿದಾಗ, ತುಂಬಿದ ಚಾವಡಿಯಲ್ಲಿ ನಿಂತು "ಹಾಕಿದ್ದು ನಾನೇ" ಎಂದು ಒಪ್ಪಿಕೊಂಡಿದ್ದಳು. ಮನೆತನಕ್ಕೆ ಅವತ್ತು ಹತ್ತಿದ ಹೆಸರು ಮೊಮ್ಮಗಳ ಮದುವೆಯ ಆಣೆಯವರೆಗೂ ಬಂದಿತ್ತು. ಮುದುಕಿಗೆ ಅರಳುಮರಳು ಎಂದೇ ಸುಮಿತ್ರಮ್ಮ ಐವತ್ತು ವರ್ಷ ತಿಳಿದಿದ್ದಳು. ಪಟೇಲರ ಸೊಸೆ ಮಾತ್ರ ಅದಾದ ಮೇಲೆ ಎದ್ದು ಉಂಡು, ನಾಲ್ಕು ಮಕ್ಕಳನ್ನು ಹೆತ್ತು, ಮೊನ್ನೆ ಮೊನ್ನೆಯವರೆಗೂ ಬದುಕಿದ್ದಳು.

"ಥೂ ಮುದುಕಿ" ಎಂದಳು ಸುಮಿತ್ರಮ್ಮ, ಗಟ್ಟಿಯಾಗಿಯೇ. "ಒಂದ್ ಮಾತು ಹೇಳಿ ಸಾಯಕ್ಕೆ ಏನಾಗಿತ್ತು ನಿಂಗೆ?"

ಚಂದನಾ ಅಳು ನಿಲ್ಲಿಸಿ ಹೆದರಿ ನೋಡಿದಳು.

"ನಿಂಗಲ್ಲ. ಭಾನ್ವಾರ ಬೆಳಿಗ್ಗೆ ಖಾಲಿ ಹೊಟ್ಟೇಲಿ ಕರ್ಕೊಂಡ್ ಬಾ. ಹಿಂಬಾಗ್ಲಿಂದ ಅಲ್ಲ, ಮುಂದಿಂದ."

ಒಪ್ಪಿಕೊಂಡಮೇಲೆ ಅರೆಬರೆ ಮಾಡುವ ಜಾತಿಯಲ್ಲ ಸುಮಿತ್ರಮ್ಮ. ಮದ್ದು ತೆಗೆದಾಗ ಏನಾದರೂ ಹೊರಗೆ ಬರಬೇಕು, ಕಪ್ಪಗೆ, ಅಸಹ್ಯವಾಗಿ, ಜನ ನೋಡಿ ಹೌಹಾರುವ ಹಾಗೆ. ಅದನ್ನು ಮೊದಲೇ ಮಾಡಿಟ್ಟುಕೊಂಡು, ರೋಗಿ ಕಕ್ಕುವಾಗ ಸೆರಗಿನ ಮರೆಯಿಂದ ಬೋಗುಣಿಗೆ ಬಿಡಬೇಕು. ಅಜ್ಜಿ ಕಲಿಸಿದ ಕೈಚಳಕ. ಶನಿವಾರ ಅವಳು ಎಳ್ಳು ಸುಟ್ಟು, ಬೆಲ್ಲದ ಪಾಕದಲ್ಲಿ ಕಲಸಿ, ಸ್ವಲ್ಪ ತೆಂಗಿನ ನಾರು ಸೇರಿಸಿ ನೆಲ್ಲಿಕಾಯಿ ಗಾತ್ರದ ಉಂಡೆ ಕಟ್ಟಿದಳು. ತನ್ನ ತಲೆಯಿಂದ ಎರಡು ಕೂದಲು ಕಿತ್ತು ಸುತ್ತಿ, ಆರಲೆಂದು ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆಯಲ್ಲಿಟ್ಟಳು.

ಭಾನುವಾರ ಗೇಟಿನ ಬಳಿ ಇಡೀ ಬೀದಿ ನೆರೆದಿತ್ತು. ಕೀರ್ತಿಕುಮಾರ ಕಾನೂನು ಸುವ್ಯವಸ್ಥೆ ಕಾಪಾಡುವವನ ಹಾಗೆ ಕೈಕಟ್ಟಿ ಮುಂದೆ ನಿಂತಿದ್ದ. ಚಂದನಾಳ ತೋಳು ಹಿಡಿದು ಸುಧಾ ಬಂದಳು. ರವಿಕೆ ತೋಳಿನಲ್ಲಿ ಜೋಲುತ್ತಿತ್ತು. ಮೂವತ್ತು ಮಕ್ಕಳ ಅನ್ನದ ಪಾತ್ರೆಯನ್ನು ಒಬ್ಬಳೇ ಇಳಿಸುತ್ತಿದ್ದ ಹೆಂಗಸು ಎರಡು ಮೆಟ್ಟಿಲು ಹತ್ತಲು ಎರಡು ಸಲ ನಿಂತಳು. ತಾನು ಇನ್ನೂ ಒಂದು ತಿಂಗಳು ಹಟ ಹಿಡಿದು ಕೂತಿದ್ದರೆ ಏನಾಗುತ್ತಿತ್ತೆಂದು ಸುಮಿತ್ರಮ್ಮನಿಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು.

ಜಗಲಿಯ ಮೇಲೆ ಮಣೆ ಹಾಕಿ ಕೂರಿಸಿದಳು. ಹಾಲಿಗೆ ದಾಗಡಿ ರಸ ಬೆರೆಸಿ ಸುಧಾಳ ಮುಂದಿಟ್ಟು, ಅಜ್ಜಿಯ ಬೈಗುಳವನ್ನು ಮಣಮಣ ಹೇಳುತ್ತ ಕೀರ್ತಿಕುಮಾರನನ್ನೂ ಅದರಲ್ಲಿ ಎರಡು ಕಡೆ ಸೇರಿಸಿದಳು. ಸ್ವಲ್ಪ ಹೊತ್ತಿನಲ್ಲಿ ಬಟ್ಟಲು ಬೋರಲು ಹಾಕಿದರೂ ಹಾಲು ಬೀಳಲಿಲ್ಲ. ಗೇಟಿನ ಬಳಿ ಹೋ ಎಂದರು.

"ಅದೆ" ಎಂದಳು ಸುಮಿತ್ರಮ್ಮ. ಆಮೇಲೆ ರಸ್ತೆಯಾಚೆಗೂ ಕೇಳುವ ಹಾಗೆ ಹೇಳಿದಳು. "ಹಾಕಿದ್ದು ನಾನೇ. ಈಗ ತೆಗೀತೀನಿ."

ಬೆಚ್ಚಗಿನ ನೀರಿಗೆ ಬಜೆ ತೇಯ್ದು ಸುಧಾಳಿಗೆ ಕುಡಿಸಿ, ಬೋಗುಣಿ ಮುಂದಿಟ್ಟು, ಉಂಡೆ ತರಲು ಒಳಗೆ ಹೋದಳು. ತಟ್ಟೆ ಖಾಲಿಯಿತ್ತು. ಕರಿಬಸಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು ಹಲ್ಲುಸಂದಿಗೆ ಕಡ್ಡಿ ಹಾಕುತ್ತಿದ್ದ.

"ಎಳ್ಳುಂಡೆ ಯಾಕೋ ಕಹಿ ಆಗದೆ ಕಣೆ. ನಾರೂ ಸಿಕ್ತು" ಎಂದ.

ಬೈಯಲು ಸಮಯವಿರಲಿಲ್ಲ. ಹೊರಗೆ ಸುಧಾ ಕಕ್ಕುವ ಸದ್ದು ಕೇಳಿತು. ಸುಮಿತ್ರಮ್ಮ ಬರಿಗೈಯಲ್ಲಿ ಓಡಿಬಂದಳು. ಬೋಗುಣಿಯಲ್ಲಿ ನೀರು, ನೀರಿನಲ್ಲಿ ನಾಲ್ಕು ಅಗುಳು. ಸುಧಾ ಅದನ್ನೇ ನೋಡುತ್ತಿದ್ದಳು.

"ಏನೂ ಬರ್ಲಿಲ್ಲ ಟೀಚರೇ" ಎಂದಳು. ಆ ಮುಖದಲ್ಲಿದ್ದ ಹೆದರಿಕೆಯನ್ನು ಸುಮಿತ್ರಮ್ಮ ಸಾಯುವವರೆಗೂ ಮರೆಯುವಂತಿರಲಿಲ್ಲ. "ನಿಮ್ ಕೈಗೂ ಬರ್ಲಿಲ್ಲ ಅಂದ್ರೆ ಮುಗೀತು."

"ಮುಗೀಲಿಲ್ಲ." ಸುಮಿತ್ರಮ್ಮ ಎದುರಿಗೆ ನೆಲದ ಮೇಲೆ ಕೂತಳು. ತಲೆಗೆ ಬಂದದ್ದನ್ನು ಹೇಳಿದಳು. "ಇದು ಉಂಡೆಯಾಗಿ ಬರೋ ಮದ್ದಲ್ಲ, ಕರಗೋ ಮದ್ದು. ಯಾಕ್ ಹಾಕ್ದೆ ಅಂತ ಹಾಕ್ದೋಳು ಬಾಯ್ಬಿಟ್ಟು ಹೇಳ್ಬೇಕು. ಹೇಳಿದ್ರೆ ಕರಗಿ ಹೋಯ್ತದೆ."

"ಮತ್ತೆ ಹೇಳಿ" ಎಂದಳು ಸುಧಾ. "ನಾನು ನಿಮಗೇನ್ ಮಾಡಿದ್ದೆ? ಮೂರು ತಿಂಗಳಿಂದ ಅದ್ನೇ ಯೋಚ್ನೆ ಮಾಡ್ತಾ ಮಲಗ್ತೀನಿ. ಯಾಕ್ ಹಾಕಿದ್ರಿ?"

ಸುಮಿತ್ರಮ್ಮ ಒಂದು ಸುಳ್ಳು ಹುಡುಕಿದಳು. ಮಕ್ಕಳಿಗೆ ಹೇಳಿದ ಸುಳ್ಳು, ಮೇಲಿನವರಿಗೆ ಹೇಳಿದ ಸುಳ್ಳು, ಅತ್ತೆಗೆ ಹೇಳಿದ ಸುಳ್ಳು ಎಷ್ಟೋ ಇದ್ದವು. ಬೇಕಾದಾಗ ಒಂದೂ ಸಿಗಲಿಲ್ಲ. ಹುಡುಕುತ್ತ ಹುಡುಕುತ್ತ ಬೇರೇನೋ ಕೈಗೆ ಬಂತು. ಅದು ಅಲ್ಲಿತ್ತೆಂದು ಅವಳಿಗೂ ಗೊತ್ತಿರಲಿಲ್ಲ.

"ಹೊಟ್ಟೆಕಿಚ್ಚಿಗೆ" ಎಂದಳು.

"ನನ್ ಮೇಲಾ?"

"ನಾನು ರಿಟೈರಾಗಿ ಮೂರ್ ವಾರಕ್ಕೆ ಸೆಂಟರ್ ಕಡೆ ಬಂದಿದ್ದೆ. ನಿಂಗೊತ್ತಿಲ್ಲ. ಕಿಟಕೀಲಿ ನೋಡ್ದೆ. ಆ ಹೊಸ ಟೀಚರ್ ಕವನಾ ನಿನ್ ಬುತ್ತಿಯಿಂದ ಉಣ್ತಾ ಕೂತಿದ್ಲು. ನಾನ್ ಕೂರ್ತಿದ್ದ ಜಾಗದಲ್ಲೇ. ನೀನು ನಗಾಡ್ತಾ ನಾನ್ ಮಾಡ್ಕೊಟ್ಟ ಚಟ್ನಿಪುಡಿ ಅವಳಿಗೆ ಬಡಿಸ್ತಿದ್ದೆ." ಊರಿನವರೆದುರು ಅಳು ಬಂದದ್ದಕ್ಕೆ ಸುಮಿತ್ರಮ್ಮನಿಗೆ ಮೈಯೆಲ್ಲ ಸಿಟ್ಟು ಬಂತು. "ಇಪ್ಪತ್ತಾರು ವರ್ಷ ಕಣೇ! ನಾನು ಹೋಗಿ ಇಪ್ಪತ್ತಾರು ದಿನಾನೂ ಆಗಿರ್ಲಿಲ್ಲ. ಅಲ್ಲಿಂದ ಹಂಗೇ ತಿರುಗಿ ಬಂದ್ಬಿಟ್ಟೆ. ನಾನಿದ್ರೂ ಒಂದೇ ಹೋದ್ರೂ ಒಂದೇ ನಿಂಗೆ. ಉರೀತು ನಂಗೆ. ಇವತ್ತಿಗೂ ಉರೀತದೆ."

ಸುಧಾ ಬೋಗುಣಿಯನ್ನು ಪಕ್ಕಕ್ಕೆ ಸರಿಸಿದಳು.

"ಇಷ್ಟಕ್ಕಾ?" ಎಂದಳು.

"ಇಷ್ಟಕ್ಕೆ."

"ಆ ಹುಡ್ಗಿಗೆ ಬೇಯ್ಸಿಕೊಳ್ಳಾಕೆ ಬರಾದಿಲ್ಲ ಟೀಚರೇ. ದಿನಾ ಬನ್ನು ತತ್ತಿದ್ಲು. ನಿಮ್ ಜಾಗದಲ್ಲಿ ಅವಳನ್ನ ಕೂರ್ಸಿದ್ದು ನಾನಲ್ಲ, ಗೋಡೆ ಕಡೆ ಸೋರ್ತದೆ ಅಂತ ಅವಳೇ ಕೂತ್ಲು. ನೀವು ಹೋದ್ಮೇಲೆ ಒಂದ್ ವಾರ ನಂಗೆ ಅನ್ನ ಇಳೀಲಿಲ್ಲ. ಬಂದು ಕಿಟಕೀಲಿ ನೋಡಿ ಹೋಗೋ ಬದ್ಲು ಒಳಗೆ ಬಂದು ಬೈಬಾರ್ದಿತ್ತಾ? ಯಾವತ್ತು ಬಿಟ್ಟಿದ್ರಿ ನೀವು ಬೈಯಾದ?"

"ಬೈಬೇಕಿತ್ತು."

"ಬೈಯಾದ್ ಬಿಟ್ಟು ಮದ್ದು ಹಾಕಿದ್ರಿ."

"ಹಾಕ್ದೆ. ತಪ್ಪಾಯ್ತು."

ಸುಧಾ ಸೆರಗಿನಿಂದ ಮೂಗೊರೆಸಿಕೊಂಡಳು. ಮಗಳ ಹಾಗೇ ಅವಳಿಗೂ ಮೂಗಿನಿಂದಲೇ ಅಳು. ಆಮೇಲೆ ಹೊಟ್ಟೆಯ ಮೇಲೆ ಕೈಯಿಟ್ಟು, ಯಾರದೋ ಮಾತು ಕೇಳಿಸಿಕೊಳ್ಳುವವಳಂತೆ ತಲೆ ವಾಲಿಸಿದಳು.

"ಹಸೀತದೆ" ಎಂದಳು ಸುಧಾ.

ಚಂದನಾ ಗಂಜಿ ತರಲು ಮನೆಗೆ ಓಡಲು ಎದ್ದಳು. ಸುಧಾ ಅವಳ ಕೈ ಹಿಡಿದು ಕೂರಿಸಿದಳು.

"ಏನ್ ತಿಂಡಿ ಮಾಡಿದೀರಿ ಟೀಚರೇ?"

"ಅಕ್ಕಿರೊಟ್ಟಿ. ಹುಚ್ಚೆಳ್ಳು ಚಟ್ನಿ."

"ತನ್ನಿ ಮತ್ತೆ."

ಸುಮಿತ್ರಮ್ಮ ಒಳಗೆ ಹೋಗಿ ರೊಟ್ಟಿ ಮೆತ್ತಗಾಗಲೆಂದು ತುಪ್ಪ ಸವರಿದಳು. ಇನ್ನು ಈ ಊರಿನಲ್ಲಿ ತಾನು ಸಾಯುವವರೆಗೂ ಮದ್ದು ಹಾಕುವವಳೇ ಎಂದು ಅವಳಿಗೆ ಗೊತ್ತಿತ್ತು. ನೆಂಟರ ಮದುವೆಯಲ್ಲಿ ತಾನು ಬಡಿಸಲು ನಿಂತರೆ ಆ ಸಾಲು ಖಾಲಿಯಾಗುತ್ತದೆ, ತನ್ನ ತಿಥಿಗೂ ಜನ ಮನೆಯಿಂದ ಉಂಡು ಬರುತ್ತಾರೆ. ತಟ್ಟೆ ತಂದು ಸುಧಾಳ ಮುಂದಿಟ್ಟಳು. ಗೇಟಿನ ಬಳಿ ಗುಸುಗುಸು ಎದ್ದಿತು. ಸುಧಾ ರೊಟ್ಟಿ ಮುರಿದು ಬಾಯಿಗಿಡುವಷ್ಟರಲ್ಲಿ ಕೀರ್ತಿಕುಮಾರ ಎರಡು ಹೆಜ್ಜೆ ಮುಂದೆ ಬಂದ.

"ಸುಧಕ್ಕ, ಬ್ಯಾಡ! ಈಗ ತಾನೇ ಹಾಕಿದೀನಿ ಅಂತ ಅವ್ರ ಬಾಯಲ್ಲೇ ಒಪ್ಕೊಂಡವ್ರೆ. ಮತ್ತೆ ಅವ್ರ ಕೈದೇ ತಿಂತೀರಲ್ಲ!"

ಸುಧಾ ತುತ್ತನ್ನು ನಿಧಾನವಾಗಿ ಅಗಿದು ನುಂಗಿದಳು. ಅವಳು ಒಂದು ತುತ್ತು ನುಂಗುವುದನ್ನು ಬೀದಿಗೆ ಬೀದಿಯೇ ಕತ್ತು ಉದ್ದ ಮಾಡಿ ನೋಡಿತು.

"ನಾನು ಕೈಬಿಟ್ಟು ಹೋಗ್ತೀನಲ್ಲ ಅಂತ ಹೊಟ್ಟೆ ಉರ್ಕೊಂಡು ನಂಗ್ ಹಾಕಿದ್ರು" ಎಂದಳು. "ನಿಂಗ್ಯಾಕೋ ಹಾಕ್ತಾರೆ? ನೀನೇನ್ ಅವ್ರಿಗೆ ಬೇಕಾದೋನಾ?"

ಕೀರ್ತಿಕುಮಾರ ಎರಡು ಹೆಜ್ಜೆ ಹಿಂದೆ ಸರಿದ. ಅವನ ಹಿಂದೆ ನಿಂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸುಧಾ ಚಟ್ನಿ ಬಳಿದುಕೊಂಡು ಎರಡನೇ ತುತ್ತು ಮುರಿದು, ಉಪ್ಪು ಸ್ವಲ್ಪ ಕಡಿಮೆಯಾಗಿದೆ ಟೀಚರೇ ಎಂದಳು.